ಪಾಸ್ಟರ್ ಒಳ್ಳೆಯವರೇ. ಆದರೂ ಲೆಕ್ಕ ಕೇಳಬಹುದಾ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಒಂದು ಸ್ವತಂತ್ರ ಸಭೆ. ಭಾನುವಾರ ಸುಮಾರು ಇನ್ನೂರು ಜನ ಸೇರುತ್ತೇವೆ. ನಾನು ಶಾಲಾ ಶಿಕ್ಷಕಿ, ಸಭೆಯ ಸಮಿತಿಯಲ್ಲಿದ್ದೇನೆ. ನಮ್ಮ ಪಾಸ್ಟರ್ ತುಂಬಾ ಒಳ್ಳೆಯವರು. ನಾಲ್ಕು ಮನೆಯವರನ್ನು ಇಟ್ಟುಕೊಂಡು ಈ ಸಭೆ ಕಟ್ಟಿದವರೇ ಅವರು. ಆದರೆ ಈಚೆಗೆ ಕಾಣಿಕೆಗೆ ಇಟ್ಟಿರುವ ಕ್ಯೂಆರ್ ಕೋಡ್ ಅವರ ಸ್ವಂತ ಖಾತೆಯದ್ದು. ಯುವತಿಯರಿಗೆ ರಾತ್ರಿ ಹನ್ನೊಂದರವರೆಗೂ ವಾಟ್ಸಾಪ್‌ನಲ್ಲಿ ಕೌನ್ಸೆಲಿಂಗ್ ಮಾಡುತ್ತಾರೆ. ಕೆಟ್ಟದ್ದು ಏನೂ ನಡೆದಿಲ್ಲ ಅಂತಲೇ ನನ್ನ ನಂಬಿಕೆ. ಸಮಿತಿಯಲ್ಲಿ ಮೆಲ್ಲಗೆ ಮಾತೆತ್ತಿದೆ. ಹಿರಿಯರೊಬ್ಬರು "ದೇವರು ಅಭಿಷೇಕಿಸಿದವರನ್ನು ಮುಟ್ಟಬಾರದು" ಅಂದುಬಿಟ್ಟರು. ನಾನು ಅನುಮಾನ ಪಡುತ್ತಿರುವುದು ಪಾಪವಾ? ಇನ್ನೊಂದು ಪ್ರಶ್ನೆ. ನನ್ನ ತಮ್ಮ ನಂಬಿಕೆಗೆ ಬಂದದ್ದು ಪ್ರಸಿದ್ಧ ಸುವಾರ್ತಿಕ ರವಿ ಜಕರಿಯಾಸ್ ಅವರ ಪ್ರಸಂಗಗಳನ್ನು ಕೇಳಿ. ಅವರ ಹಗರಣ ಗೊತ್ತಾದ ಮೇಲೆ ಅವನು ಸಭೆಗೆ ಬರುವುದನ್ನೇ ಬಿಟ್ಟಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ಸಹೋದರಿ, ಇದು ಪಾಪ ಅಲ್ಲ. ನೀವು ಕೇಳಬೇಕು. ಅದೂ ಅವರು ಒಳ್ಳೆಯವರಾಗಿ ಇರುವಾಗಲೇ ಕೇಳಬೇಕು. ಏನೋ ನಡೆದುಹೋದ ಮೇಲೆ ಕೇಳಿದರೆ ಅದು ವಿಚಾರಣೆ ಆಗುತ್ತದೆ. ಏನೂ ನಡೆಯದಿದ್ದಾಗ ಕೇಳಿದರೆ ಅದು ಸಭೆಯ ಮಾಮೂಲಿ ಕೆಲಸ, ಯಾರ ಮಾನವೂ ಹೋಗುವುದಿಲ್ಲ. ನಿಮ್ಮ ಪಾಸ್ಟರ್ ನಡತೆಯ ಬಗ್ಗೆ ನಾನು ಏನೂ ಹೇಳಲಾರೆ. ನನಗೆ ಚಿಂತೆ ಹುಟ್ಟಿಸಿದ್ದು ಬೇರೆ. ಒಂದು ಸಾದಾ ಪ್ರಶ್ನೆ ಕೇಳುವುದಕ್ಕೆ ಸಮಿತಿಯ ಸದಸ್ಯೆಯೇ ಇಷ್ಟು ಹೆದರಬೇಕಾಗಿ ಬಂದಿದೆ.

ಮೊದಲು ಆ ವಚನವನ್ನೇ ನೋಡೋಣ. ಅದು 105ನೇ ಕೀರ್ತನೆಯ 15ನೇ ವಚನ. ನಿಮ್ಮ ಹಿರಿಯರು ಅದರ ಹಿಂದಿನ ಮೂರು ವಚನಗಳನ್ನೂ ಓದಿದ್ದರೆ ಚೆನ್ನಾಗಿತ್ತು. ಅಬ್ರಹಾಮ, ಇಸಾಕ, ಯಾಕೋಬರು ಆಗ ಬರೀ ಕೆಲವೇ ಮಂದಿ. ಸ್ವಂತ ನೆಲ ಇಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದರು. ಅವರಿಗೆ ಅನ್ಯಾಯ ಆಗದ ಹಾಗೆ ದೇವರು ಅರಸರನ್ನು ಗದರಿಸಿದನು ಅಂತ ಅಲ್ಲಿದೆ. ಅಂದರೆ ಆ ಮಾತು ಹೇಳಿದ್ದು ಅಧಿಕಾರ ಇದ್ದವರಿಗೆ, ಕಾಪಾಡಿದ್ದು ಅಧಿಕಾರ ಇಲ್ಲದವರನ್ನು. ಇದರ ಹಿಂದಿನ ಕಥೆಗಳಲ್ಲಿ ಒಂದು ಆದಿಕಾಂಡದ 20ನೇ ಅಧ್ಯಾಯದಲ್ಲಿದೆ. ಗೆರಾರಿನ ಅರಸ ಅಬೀಮೆಲೆಕ ಅಬ್ರಹಾಮನ ಹೆಂಡತಿ ಸಾರಳನ್ನು ತನ್ನ ಮನೆಗೆ ತರಿಸಿಕೊಂಡಿದ್ದ. ದೊಡ್ಡ ಮನುಷ್ಯನೊಬ್ಬ ಹೆಣ್ಣಿನ ಮೇಲೆ ಕೈಹಾಕಲು ಹೊರಟಾಗ ದೇವರು ಅವನನ್ನು ತಡೆದ ಕಥೆ ಅದು. ಮುಂದೆ ಓದಿದರೆ ಇನ್ನೂ ಇದೆ. ಹೆಂಡತಿಯನ್ನು ತಂಗಿ ಅಂತ ಹೇಳಿದ್ದು ಅಬ್ರಹಾಮನೇ ಅಲ್ವಾ? ಅಬೀಮೆಲೆಕ ಅವನನ್ನು ಕರೆಸಿ, ನಮಗೆ ಹೀಗೆ ಯಾಕೆ ಮಾಡಿದೆ ಅಂತ ನೇರವಾಗಿ ಕೇಳುತ್ತಾನೆ. ದೇವರೇ ಪ್ರವಾದಿ ಅಂತ ಕರೆದವನು ಬೇರೆ ದೇಶದ ಅರಸನ ಮುಂದೆ ನಿಂತು ಉತ್ತರ ಕೊಡುತ್ತಾನೆ. ಇಷ್ಟೆಲ್ಲ ಇರುವ ವಚನವನ್ನು ಹಿಡಿದು ಸಭೆಯ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ದಾವೀದನೂ ಅಷ್ಟೇ. ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ಅರಸ ಸೌಲ ಏಂಗೆದಿಯ ಗವಿಯಲ್ಲಿ ಕೈಗೆ ಸಿಕ್ಕಿದ್ದ. ದಾವೀದ ಅವನ ನಿಲುವಂಗಿಯ ಅಂಚು ಕತ್ತರಿಸಿಕೊಂಡನೇ ಹೊರತು ಮೈಮುಟ್ಟಲಿಲ್ಲ. ದೇವರ ಅಭಿಷಿಕ್ತ ಅಂತ ಬಿಟ್ಟುಬಿಟ್ಟ. ಹಾಗಂತ ಸುಮ್ಮನೆ ಇದ್ದನಾ? ಗವಿಯಿಂದ ಹೊರಗೆ ಬಂದು, ಆ ಅಂಚನ್ನು ಕೈಯಲ್ಲಿ ಎತ್ತಿ ಹಿಡಿದು, ಜನರೆಲ್ಲ ಕೇಳುವ ಹಾಗೆ ಅರಸನನ್ನು ಪ್ರಶ್ನೆ ಮಾಡಿದ. ಮುಂದೆ ದಾವೀದನೇ ಅರಸನಾದ, ಬತ್ಷೆಬೆಯ ವಿಷಯದಲ್ಲಿ ಬಿದ್ದ, ಅವಳ ಗಂಡ ಊರೀಯನನ್ನು ಕೊಲ್ಲಿಸಿದ. ಆಗ ಪ್ರವಾದಿ ನಾತಾನ ಬಂದು "ಆ ಮನುಷ್ಯನು ನೀನೇ" ಅಂದ. ಅಭಿಷೇಕ ಆದವರನ್ನು ಪ್ರಶ್ನೆ ಮಾಡುವುದು ಬೈಬಲಿನ ಉದ್ದಕ್ಕೂ ಇದೆ.

ಹಣದ ವಿಷಯಕ್ಕೆ ಪೌಲನನ್ನು ನೋಡಿ. ಯೆರೂಸಲೇಮಿನ ಬಡವರಿಗೋಸ್ಕರ ಅವನು ಊರೂರಿನ ಸಭೆಗಳಿಂದ ಕಾಣಿಕೆ ಎತ್ತಿದ. ದೊಡ್ಡ ಮೊತ್ತವೇ ಆಗಿರಬೇಕು. ಒಬ್ಬನೇ ತೆಗೆದುಕೊಂಡು ಹೋಗಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಆದರೆ ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳು ತಾವೇ ಆರಿಸಿದ ಒಬ್ಬ ಸಹೋದರನನ್ನೂ ಸೇರಿಸಿದ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಕಾರಣವನ್ನೂ ಹೇಳಿದ್ದಾನೆ: ಈ ಹಣದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿ ನಡೆಯಬೇಕು. "ನನ್ನ ಲೆಕ್ಕ ದೇವರಿಗೆ ಗೊತ್ತು" ಅಂತ ಹೇಳುವ ಸೇವಕರಿಗೆ ಪೌಲನ ಉತ್ತರ ಇದೇ. ಆ ಸಹೋದರನನ್ನು ಆರಿಸಿದ್ದು ಸಭೆಗಳು, ಪೌಲನಲ್ಲ. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ. ನಾನು ಹೇಳಬೇಕಾದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಅಪೊಸ್ತಲರ ಕಾಲ ಮುಗಿಯುತ್ತಿದ್ದ ಹಾಗೆಯೇ ಬರೆದದ್ದು ಅಂತ ಬಹಳ ಪಂಡಿತರು ಒಪ್ಪುವ ದಿದಾಖೆ ಅನ್ನುವ ಚಿಕ್ಕ ಪುಸ್ತಕ ಒಂದಿದೆ. ಅದರ ಹಸ್ತಪ್ರತಿ ಸಿಕ್ಕಿದ್ದು 1873ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಊರಿಗೆ ಬರುವ ಸುವಾರ್ತಿಕರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅದರಲ್ಲಿ ಬರೆದಿದೆ. ಒಂದು ದಿನ ಇರಲಿ, ಬೇಕಾದರೆ ಎರಡು ದಿನ ಇರಲಿ. ಮೂರನೇ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೋಗುವಾಗ ದಾರಿಗೆ ರೊಟ್ಟಿ ಕೊಡಿ. ಹಣ ಕೇಳಿದರೆ ಅವನೂ ಸುಳ್ಳು ಪ್ರವಾದಿ. ಎಷ್ಟು ಗಡುಸಾದ ಮಾತು ನೋಡಿ! ಆಗಿನ ವಿಶ್ವಾಸಿಗಳಿಗೆ ದೇವಸೇವಕರ ಮೇಲೆ ಗೌರವ ಕಡಿಮೆ ಇರಲಿಲ್ಲ. ಅವರನ್ನು ದೇವರ ಹಾಗೆಯೇ ಬರಮಾಡಿಕೊಳ್ಳಿ ಅಂತಲೂ ಅಲ್ಲೇ ಬರೆದಿದೆ. ಗೌರವವೂ ಪರೀಕ್ಷೆಯೂ ಒಟ್ಟಿಗೆ ಇದ್ದವು.

ಈಗ ರವಿ ಜಕರಿಯಾಸ್ ವಿಷಯ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎರಡೂ ಪ್ರಶ್ನೆಗಳಿಗೆ ಇದು ಬೇಕು. ಅವರು 1946ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು, ದೆಹಲಿಯಲ್ಲಿ ಬೆಳೆದರು. ಆಮೇಲೆ ಕೆನಡಾಕ್ಕೆ ಹೋಗಿ, 1984ರಲ್ಲಿ ಸ್ವಂತ ಸೇವಾ ಸಂಸ್ಥೆ ಕಟ್ಟಿದರು. ಅದರ ಕೇಂದ್ರ ಅಮೆರಿಕದ ಅಟ್ಲಾಂಟಾ ಹತ್ತಿರ ಇತ್ತು. 2017ರಲ್ಲಿ ಕೆನಡಾದ ಒಬ್ಬ ಮಹಿಳೆಯ ದೂರು ಹೊರಗೆ ಬಂತು. ಆಗ ಅವರು ಒಂದು ಹೇಳಿಕೆ ಕೊಟ್ಟರು. ಹೆಂಡತಿ, ಹೆಣ್ಣುಮಕ್ಕಳನ್ನು ಬಿಟ್ಟು ಬೇರೆ ಯಾವ ಹೆಂಗಸಿನ ಜೊತೆಗೂ ತಾನು ಒಬ್ಬನೇ ಇರುವುದಿಲ್ಲ, ಕಾರಿನಲ್ಲಾಗಲಿ ಹೋಟೆಲಿನಲ್ಲಾಗಲಿ, ಇದು ಬಹಳ ಕಾಲದ ರೂಢಿ ಅಂದರು. ದೂರು ಕೊಟ್ಟ ದಂಪತಿಯ ಮೇಲೆಯೇ ಕೇಸು ಹಾಕಿದರು. ಆಮೇಲೆ ಅದು ರಾಜಿಯಲ್ಲಿ ಮುಗಿಯಿತು, ಯಾರೂ ಬಾಯಿ ಬಿಡಬಾರದು ಅನ್ನುವ ಕರಾರು ಆಯಿತು. ಸಂಸ್ಥೆಯ ಆಡಳಿತ ಮಂಡಳಿ ಅವರ ಮಾತನ್ನೇ ನಂಬಿತು.

2020ರ ಮೇ ತಿಂಗಳಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಸೆಪ್ಟೆಂಬರ್‌ನಲ್ಲಿ ಮಸಾಜ್ ಕೆಲಸದ ಹೆಣ್ಣುಮಕ್ಕಳು ಮಾತಾಡಿದರು. ಅವರು ಕೆಲಸ ಮಾಡುತ್ತಿದ್ದ ಸ್ಪಾಗಳಲ್ಲಿ ಜಕರಿಯಾಸ್ ಅವರೇ ಪಾಲುದಾರರಾಗಿದ್ದರು. ಆಗ ಸಂಸ್ಥೆಯೇ ಹೊರಗಿನ ವಕೀಲರ ಕಂಪನಿಯಿಂದ ತನಿಖೆ ಮಾಡಿಸಿತು. 2021ರ ಫೆಬ್ರವರಿಯಲ್ಲಿ ವರದಿ ಬಂತು. ಅವರ ಫೋನುಗಳಲ್ಲಿ 200ಕ್ಕೂ ಜಾಸ್ತಿ ಮಸಾಜ್ ಕೆಲಸದವರ ನಂಬರು ಇತ್ತು. ಹಲವು ಹೆಂಗಸರು ಅವರಿಂದ ಆದ ದೌರ್ಜನ್ಯ ಹೇಳಿಕೊಂಡರು. ಒಬ್ಬಾಕೆ ಹೇಳಿದ್ದು ಓದುವುದಕ್ಕೇ ಕಷ್ಟ. ಸೇವೆಯ ಹಣದಿಂದ ಅವಳಿಗೆ ಸಹಾಯ ಕೊಡಿಸಿ, ಆಮೇಲೆ ಅವಳ ಮೈಯನ್ನು ಕೇಳಿದರು. ಇದಕ್ಕೋಸ್ಕರ ದೇವರಿಗೆ ಸ್ತೋತ್ರ ಹೇಳಿ ಅವಳ ಜೊತೆ ಪ್ರಾರ್ಥನೆ ಮಾಡಿದರು. ಹೊರಗೆ ಹೇಳಿದರೆ ಲಕ್ಷಾಂತರ ಆತ್ಮಗಳು ನಾಶ ಆಗುವುದಕ್ಕೆ ನೀನೇ ಕಾರಣ ಆಗುತ್ತೀಯ ಅಂತ ಹೆದರಿಸಿದರು.

ಸಹೋದರಿ, ಇಲ್ಲಿ ನಿಯಮ ಇತ್ತು. ಒಬ್ಬನೇ ಇರುವುದಿಲ್ಲ ಅನ್ನುವ ನಿಯಮವನ್ನು ಅವರು ಬಾಯಿಬಿಟ್ಟು ಹೇಳಿಕೊಂಡೇ ಬಂದಿದ್ದರು. ಆದರೆ ಆ ನಿಯಮವನ್ನು ನೋಡಿಕೊಳ್ಳುತ್ತಿದ್ದವರೂ ಅವರೇ. ಮಂಡಳಿಯ ಸದಸ್ಯರು ಯಾರು ಅನ್ನುವುದನ್ನೂ ಸಂಸ್ಥೆ ಹೊರಗೆ ಹೇಳುತ್ತಿರಲಿಲ್ಲ. ಪ್ರಶ್ನೆ ಕೇಳಿದ ಒಳಗಿನ ಕೆಲಸದವರನ್ನು ಅನುಮಾನದಿಂದ ನೋಡಿದರು. ನಾಯಕ ತನ್ನ ಮೇಲೆ ತಾನೇ ಹಾಕಿಕೊಂಡ ನಿಯಮ ಎಷ್ಟೇ ಕಟ್ಟುನಿಟ್ಟಾಗಿರಲಿ, ಬೇರೆಯವರು ಪರೀಕ್ಷೆ ಮಾಡುವ ಹಾಗೆ ಇಲ್ಲದಿದ್ದರೆ ಅದು ಬರೀ ಸಾಕ್ಷಿ ಹೇಳುವುದಕ್ಕೆ ಆಗುತ್ತದೆ. ನಾಯಕರು ಆಸೆಯಿಂದ ಬೀಳುತ್ತಾರೆ ಅಂತ ನಾವು ಪ್ರಸಂಗ ಮಾಡುತ್ತೇವೆ. ಆಸೆ ನಿಮಗೂ ಇದೆ, ನನಗೂ ಇದೆ. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಆ ಆಸೆಯ ಹಿಂದೆ ಹೋಗುವ ಅನುಕೂಲ ಮಾತ್ರ ನಮಗಿಲ್ಲ. ಅವರಿಗೆ ಅದನ್ನು ಒದಗಿಸಿಕೊಟ್ಟವರು ಸುತ್ತ ಇದ್ದ ಭಕ್ತರೇ.

ನಿಮ್ಮ ತಮ್ಮನ ಪ್ರಶ್ನೆಗೆ ಸಭೆ 1,600 ವರ್ಷದ ಹಿಂದೆಯೇ ಉತ್ತರ ಕೊಟ್ಟಿದೆ. ಉತ್ತರ ಆಫ್ರಿಕದಲ್ಲಿ ಹಿಂಸೆಯ ಕಾಲದಲ್ಲಿ ಕೆಲವು ಬಿಷಪರು ಹೆದರಿ ದೇವರ ವಾಕ್ಯದ ಪುಸ್ತಕಗಳನ್ನು ಸರ್ಕಾರದ ಕೈಗೆ ಒಪ್ಪಿಸಿಬಿಟ್ಟಿದ್ದರು. ಅಂಥವರು ಕೊಟ್ಟ ಅಭಿಷೇಕ, ದೀಕ್ಷಾಸ್ನಾನ ನಡೆಯುವುದಿಲ್ಲ ಅಂತ ದೊನಾತಿಸ್ಟರು ಬೇರೆಯಾದರು. ಹಿಪ್ಪೋದ ಬಿಷಪ್ ಅಗಸ್ಟಿನ್ ಒಪ್ಪಲಿಲ್ಲ. ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ, ಸೇವಕನ ಪಾಪ ಅದನ್ನು ಕೆಡಿಸಲಾರದು ಅಂದ. ತಮ್ಮನಿಗೆ ಇದನ್ನು ಹೇಳಿ. ಅವನು ನಂಬಿದ್ದು ಜಕರಿಯಾಸ್ ಅವರನ್ನಲ್ಲ. ಆದರೆ ಅವಸರ ಮಾಡಬೇಡಿ. ಅವನ ಸಿಟ್ಟು ನ್ಯಾಯವಾದದ್ದು. "ಮನುಷ್ಯರನ್ನು ನೋಡಬೇಡ, ದೇವರನ್ನು ನೋಡು" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಆ ಹೆಂಗಸರಿಗೆ ಆದದ್ದು ಅನ್ಯಾಯ ಅಂತ ಅವನ ಮುಂದೆ ಬಾಯಿಬಿಟ್ಟು ಹೇಳಿ. ಸಭೆಯಲ್ಲಿ ಯಾರೂ ಅದನ್ನು ಹೇಳದೇ ಇದ್ದದ್ದೇ ಅವನನ್ನು ಜಾಸ್ತಿ ನೋಯಿಸಿರಬಹುದು.

ಸರಿಯಾಗಿ ನಡೆದುಕೊಂಡವರೂ ಇದ್ದಾರೆ. 1948ರ ನವೆಂಬರ್. ಅಮೆರಿಕದ ಕ್ಯಾಲಿಫೋರ್ನಿಯಾದ ಮೊಡೆಸ್ಟೋ ಊರಿನಲ್ಲಿ ಸುವಾರ್ತಿಕ ಬಿಲ್ಲಿ ಗ್ರಹಾಂ ಅವರ ಕೂಟಗಳು ನಡೆಯುತ್ತಿದ್ದವು. ಅವರಿಗೆ ಆಗ 30 ವರ್ಷ, ಹೆಸರು ಇನ್ನೂ ದೇಶಕ್ಕೆಲ್ಲ ಗೊತ್ತಿರಲಿಲ್ಲ. ಜೊತೆಗಿದ್ದ ಕ್ಲಿಫ್ ಬ್ಯಾರೋಸ್, ಜಾರ್ಜ್ ಬೆವರ್ಲಿ ಶಿಯಾ, ಗ್ರೇಡಿ ವಿಲ್ಸನ್ ಮೂವರಿಗೂ ಗ್ರಹಾಂ ಒಂದು ಕೆಲಸ ಕೊಟ್ಟರು: ನಿಮ್ಮ ನಿಮ್ಮ ರೂಮಿಗೆ ಹೋಗಿ, ಸುವಾರ್ತಿಕರ ಹೆಸರು ಕೆಡಿಸುವ ವಿಷಯಗಳನ್ನು ನೆನಪು ಮಾಡಿಕೊಂಡು ಬರೆದು ತನ್ನಿ. ಒಂದು ಗಂಟೆ ಬಿಟ್ಟು ಸೇರಿದಾಗ ಎಲ್ಲರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಣ, ಹೆಣ್ಣು, ಊರಿನ ಸಭೆಗಳನ್ನು ಹೀಗಳೆಯುವುದು, ಜನಸಂಖ್ಯೆಯನ್ನು ಉಬ್ಬಿಸಿ ಹೇಳುವುದು. ಒಂದೊಂದಕ್ಕೂ ಏನು ಮಾಡುವುದು ಅಂತ ಅಲ್ಲೇ ತೀರ್ಮಾನ ಮಾಡಿಕೊಂಡರು. ಕೂಟಕ್ಕೆ ಬಂದವರ ಲೆಕ್ಕವನ್ನು ತಾವು ಹೇಳದೆ ಪೊಲೀಸರು ಅಥವಾ ಮೈದಾನದವರು ಹೇಳಿದ ಅಂಕಿಯನ್ನೇ ತೆಗೆದುಕೊಳ್ಳುವುದು ಅದರಲ್ಲಿ ಒಂದು. "ಸಾವಿರಾರು ಜನ ರಕ್ಷಣೆ ಹೊಂದಿದರು" ಅಂತ ಪೋಸ್ಟರ್ ಹಾಕುವ ನಮ್ಮ ಕಡೆಯ ಸೇವೆಗಳಿಗೂ ಇದು ಬೇಕು. ಸಣ್ಣ ಸುಳ್ಳು ಒಗ್ಗಿಹೋದ ಬಾಯಿಗೆ ದೊಡ್ಡದು ಕಷ್ಟ ಆಗುವುದಿಲ್ಲ.

ಆದರೂ ಹಣದ ವಿಷಯ ಪೂರ್ತಿ ಸರಿ ಆದದ್ದು ಆಮೇಲೆ. 1950ರ ಕೊನೆಗೆ ಅಟ್ಲಾಂಟಾದ ಕೂಟಗಳು ಮುಗಿದ ದಿನ, ಆಗಿನ ಪದ್ಧತಿಯ ಹಾಗೆ ಸುವಾರ್ತಿಕರಿಗೆ ಪ್ರೀತಿಯ ಕಾಣಿಕೆ ಎತ್ತಿದರು. ಮಾರನೇ ದಿನ ಪತ್ರಿಕೆಯಲ್ಲಿ ಎರಡು ಫೋಟೋ ಬಂದವು. ಒಂದರಲ್ಲಿ ಹಣದ ಚೀಲ ಹಿಡಿದ ಜನ, ಇನ್ನೊಂದರಲ್ಲಿ ನಗುತ್ತಾ ಕೈಬೀಸಿ ಹೊರಟ ಗ್ರಹಾಂ. ಯಾವ ಮೋಸವೂ ಆಗಿರಲಿಲ್ಲ. ಆದರೂ ಅವರಿಗೆ ನಾಚಿಕೆ ಆಯಿತು. ಆಮೇಲೆ ಆ ಕಾಣಿಕೆಯ ಪದ್ಧತಿಯನ್ನೇ ಬಿಟ್ಟು, ಮಂಡಳಿ ನಿಗದಿ ಮಾಡುವ ಸಂಬಳಕ್ಕೆ ಒಪ್ಪಿಕೊಂಡರು. ತನ್ನ ಸಂಬಳ ಎಷ್ಟು ಅನ್ನುವುದನ್ನು ಬೇರೆಯವರ ಕೈಗೆ ಕೊಟ್ಟದ್ದು ದೊಡ್ಡ ಹೆಜ್ಜೆ. ಜಿಮ್ ಬೇಕರ್ ಅನ್ನುವ ಟಿವಿ ಪ್ರಸಂಗಿ ಇದಕ್ಕೆ ತಿರುಗಾಮುರುಗ. ತನ್ನ ರೆಸಾರ್ಟಿನಲ್ಲಿ ಇಲ್ಲದ ರೂಮುಗಳಿಗೂ ಸಾವಿರ ಡಾಲರಿನಂತೆ ಆಜೀವ ಸದಸ್ಯತ್ವ ಮಾರಿದ್ದರು. 1989ರಲ್ಲಿ ವಂಚನೆಯ ಕೇಸಿನಲ್ಲಿ ಜೈಲಿಗೆ ಹೋದರು.

ಗ್ರಹಾಂ ಅವರು ಹೆಂಡತಿಯನ್ನು ಬಿಟ್ಟು ಬೇರೆ ಹೆಂಗಸಿನ ಜೊತೆ ಒಬ್ಬರೇ ಊಟಕ್ಕೂ ಪ್ರಯಾಣಕ್ಕೂ ಹೋಗುತ್ತಿರಲಿಲ್ಲ. ಈ ನಿಯಮವನ್ನು ಹಾಗೇ ನಿಮ್ಮ ಸಭೆಗೆ ತನ್ನಿ ಅಂತ ನಾನು ಹೇಳುವುದಿಲ್ಲ. ಅದರಿಂದ ಹೆಣ್ಣುಮಕ್ಕಳಿಗೆ ನಷ್ಟ ಆಗಿದೆ. ಪಾಸ್ಟರ್ ಹತ್ತಿರ ಕಷ್ಟ ಹೇಳಿಕೊಳ್ಳುವ ಅವಕಾಶ ತಪ್ಪಿದೆ, ಸೇವೆಯ ತೀರ್ಮಾನ ನಡೆಯುವ ಜಾಗಗಳಿಂದ ಅವರು ಹೊರಗೆ ಉಳಿದಿದ್ದಾರೆ. ಹೆಣ್ಣು ಅಂದರೇನೇ ಅಪಾಯ ಅನ್ನುವ ಭಾವನೆ ಬೆಳೆದಿದೆ. ಕಥೋಲಿಕ ಸಭೆ ಇದಕ್ಕಿಂತ ಜಾಣತನದ ದಾರಿ ಕಂಡುಕೊಂಡಿತ್ತು. 16ನೇ ಶತಮಾನದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೋಮಿಯೊ ಪಾಪನಿವೇದನೆಗೆ ಮರದ ಪೀಠ ಮಾಡಿಸಿದರು. ಗುರುಗಳು ಒಂದು ಕಡೆ, ಹೇಳಿಕೊಳ್ಳುವವರು ಇನ್ನೊಂದು ಕಡೆ, ನಡುವೆ ಹಲಗೆ, ಹಲಗೆಯಲ್ಲಿ ಜಾಲರಿ. ಪೀಠ ಇರುವುದು ಎಲ್ಲರೂ ಓಡಾಡುವ ದೇವಾಲಯದ ಒಳಗೆ. ಮಾತು ಗುಟ್ಟಾಗಿರುತ್ತದೆ, ಕೂತಿರುವುದು ಎಲ್ಲರಿಗೂ ಕಾಣುತ್ತದೆ. ಆ ಪೀಠದಿಂದ ಎಲ್ಲ ಕೆಡುಕೂ ನಿಲ್ಲಲಿಲ್ಲ, ಆ ಸಭೆಯ ಈಚಿನ ದುಃಖದ ಸುದ್ದಿಗಳು ನಮಗೆಲ್ಲ ಗೊತ್ತು. ಆದರೆ ಆ ಯೋಚನೆ ಸರಿಯಾದದ್ದು. ಯಾವ ಗುರು ಒಳ್ಳೆಯವನು, ಯಾವನು ಕೆಟ್ಟವನು ಅಂತ ಬೊರೋಮಿಯೊ ಪಟ್ಟಿ ಮಾಡಲಿಲ್ಲ. ಎಲ್ಲರಿಗೂ ಒಂದೇ ಹಲಗೆ.

ನಿಮ್ಮಲ್ಲೂ ಅಷ್ಟೇ ಬೇಕು. ಆಪ್ತ ಸಮಾಲೋಚನೆಗೆ ವಾರದಲ್ಲಿ ಎರಡು ದಿನ ಹೊತ್ತು ಗೊತ್ತು ಮಾಡಿ. ಸಭಾಮಂದಿರದ ಕೋಣೆಯ ಬಾಗಿಲಿಗೆ ಗಾಜು ಹಾಕಿಸಿ. ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಸಮಿತಿಯ ಒಬ್ಬರು ಇರಲಿ. ಯುವತಿಯರ ಜೊತೆ ಮಾತಾಡಲು ಇಬ್ಬರು ಮೂವರು ತಿಳಿದ ಹೆಂಗಸರಿಗೆ ತರಬೇತಿ ಕೊಡಿಸಿ. ಪಾಸ್ಟರ್ ಅವರ ಹೆಂಡತಿಯ ಮೇಲೆಯೇ ಎಲ್ಲ ಹೊರಿಸಬೇಡಿ, ಆ ತಾಯಿಗೆ ಈಗಲೇ ಸಾಕಷ್ಟು ಕೆಲಸ ಇರುತ್ತದೆ. ರಾತ್ರಿ ಎಂಟರ ಮೇಲೆ ಒಬ್ಬೊಬ್ಬರ ಜೊತೆ ಮೆಸೇಜ್ ಬೇಡ. ತುರ್ತು ಇದ್ದರೆ ಫೋನ್ ಮಾಡಲಿ, ಮನೆಯವರಿಗೂ ತಿಳಿದಿರಲಿ. 18 ವರ್ಷ ತುಂಬದ ಮಕ್ಕಳಿಗೆ ಒಬ್ಬೊಬ್ಬರಿಗೇ ಮೆಸೇಜ್ ಮಾಡುವುದು ಯಾರಿಗೂ ಬೇಡ. ಪಾಸ್ಟರಿಗೂ ಬೇಡ, ಸಂಡೇ ಸ್ಕೂಲ್ ಟೀಚರಿಗೂ ಬೇಡ, ಗಿಟಾರ್ ಹುಡುಗನಿಗೂ ಬೇಡ.

ರಾತ್ರಿಯ ಮೆಸೇಜಿನ ಬಗ್ಗೆ ಇನ್ನೊಂದು ಮಾತು. ದುಃಖದಲ್ಲಿರುವ ಹುಡುಗಿಗೆ ತನ್ನ ಮಾತು ಕೇಳುವವರು ಸಿಕ್ಕರೆ ಎಷ್ಟೋ ಸಮಾಧಾನ. ಇಡೀ ದಿನ ಎಲ್ಲರ ಕಷ್ಟ ಕೇಳಿ ದಣಿದ ಪಾಸ್ಟರಿಗೂ ತನ್ನನ್ನು ಹೊಗಳುವ, ತನ್ನ ಮಾತಿಗೆ ಕಾಯುವ ಒಬ್ಬರು ಸಿಗುತ್ತಾರೆ. ಮೊದಮೊದಲು ಬರೀ ವಚನ, ಪ್ರಾರ್ಥನೆ. ಆಮೇಲೆ "ಊಟ ಆಯ್ತಾ?". ಆಮೇಲೆ "ಇದನ್ನು ಯಾರಿಗೂ ಹೇಳಬೇಡ, ತಪ್ಪು ತಿಳಿಯುತ್ತಾರೆ". ಈ ಕೊನೆಯ ಮಾತು ಬಂದ ದಿನವೇ ಗೆರೆ ದಾಟಿದ ಹಾಗೆ. ಮೈ ಮುಟ್ಟುವ ತನಕ ಕಾಯಬೇಕಾಗಿಲ್ಲ. ಇಂಥದ್ದು ಹೊರಗೆ ಬಂದಾಗ "ಪಾಪ, ಪಾಸ್ಟರ್ ಶೋಧನೆಗೆ ಬಿದ್ದರು" ಅಂತ ಜನ ಮಾತಾಡುವುದುಂಟು. ಕಷ್ಟ ಹೇಳಿಕೊಂಡು ಬಂದವಳ ಮೇಲೆ ಗುರುವಾದವನು ಕೈಹಾಕಿದರೆ ಇಬ್ಬರೂ ಸಮ ಅಲ್ಲ. ಅವಳ ಗುಟ್ಟೆಲ್ಲ ಅವನಿಗೆ ಗೊತ್ತು, ಅವನ ಮಾತು ಅವಳಿಗೆ ದೇವರ ಮಾತಿನ ಹಾಗೆ. ಹೊಣೆ ಪೂರ್ತಿ ಅವನದ್ದೇ.

ಹಣದ್ದು ಸುಲಭ. ಕ್ಯೂಆರ್ ಕೋಡ್ ಸಭೆಯ ಟ್ರಸ್ಟಿನ ಖಾತೆಗೆ ಬದಲಾಗಬೇಕು, ಇದೇ ತಿಂಗಳು. ಬಹುಶಃ ಪಾಸ್ಟರ್ ಬೇರೆ ಉದ್ದೇಶ ಇಟ್ಟುಕೊಂಡು ಹೀಗೆ ಮಾಡಿಲ್ಲ. ಟ್ರಸ್ಟಿನ ಖಾತೆಗೆ ಪ್ಯಾನ್ ಕಾರ್ಡು, ಠರಾವು, ಬ್ಯಾಂಕಿಗೆ ನಾಲ್ಕು ಸಲ ಅಲೆದಾಟ. ಸ್ವಂತ ಖಾತೆಯದ್ದು ಐದು ನಿಮಿಷದ ಕೆಲಸ. ಆದರೆ ಸಭೆಯ ಹಣ ಅವರ ಖಾತೆಗೆ ಬೀಳುತ್ತಿದ್ದರೆ ತೆರಿಗೆ ಇಲಾಖೆ ನಾಳೆ ಅವರನ್ನೇ ಕೇಳುತ್ತದೆ. ಹಾಗಾಗಿ ಇದು ಅವರನ್ನು ಉಳಿಸುವ ಕೆಲಸವೂ ಹೌದು. ಹುಂಡಿಯ ಹಣವನ್ನು ಆರಾಧನೆ ಮುಗಿದ ಕೂಡಲೇ ಇಬ್ಬರು ಎಣಿಸಲಿ. ಅವರು ಒಂದೇ ಮನೆಯವರಾಗಿರಬಾರದು, ಪಾಸ್ಟರ್ ನೆಂಟರೂ ಆಗಿರಬಾರದು. ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಚೆಕ್ಕಿಗೆ ಜಂಟಿ ಸಹಿ. ವರ್ಷಕ್ಕೊಮ್ಮೆ ಹೊರಗಿನ ಚಾರ್ಟರ್ಡ್ ಅಕೌಂಟೆಂಟ್‌ ಹತ್ತಿರ ಆಡಿಟ್ ಮಾಡಿಸಿ, ಆ ವರದಿಯನ್ನು ಇಡೀ ಸಭೆಯ ಮುಂದೆ ಓದಿ.

ಇದರ ಜೊತೆಗೇ ಪಾಸ್ಟರ್ ಸಂಬಳದ ಮಾತೂ ಆಗಬೇಕು. ಇದರಲ್ಲಿ ನಮ್ಮ ಸ್ವತಂತ್ರ ಸಭೆಗಳು ಬಹಳ ಅನ್ಯಾಯ ಮಾಡುತ್ತಿವೆ ಅಂತ ನನ್ನ ಖಚಿತ ಅಭಿಪ್ರಾಯ. "ದೇವರು ನೋಡಿಕೊಳ್ಳುತ್ತಾನೆ" ಅಂತ ಹೇಳಿ ಪಿಎಫ್ ಇಲ್ಲ, ಆರೋಗ್ಯ ವಿಮೆ ಇಲ್ಲ, ರಜೆ ಇಲ್ಲ. ಮಗಳ ಫೀಸಿಗೆ ವಿಶ್ವಾಸಿಯೊಬ್ಬರ ಕವರಿಗೆ ಕಾಯಬೇಕು. ಆ ಕವರ್ ಕೊಟ್ಟವರ ತಪ್ಪನ್ನು ಮುಂದಿನ ಭಾನುವಾರ ಅವರು ಹೇಗೆ ಖಂಡಿಸುತ್ತಾರೆ? ಮನೆಬಾಡಿಗೆ, ಮಕ್ಕಳ ಓದು, ಔಷಧಿ ಎಲ್ಲ ಲೆಕ್ಕ ಹಾಕಿ, ಊರಿನ ಶಾಲಾ ಮೇಷ್ಟರ ಸಂಬಳದ ಹತ್ತಿರಕ್ಕಾದರೂ ತನ್ನಿ. ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಿ, ಆ ದಿನ ಯಾರೂ ಫೋನ್ ಮಾಡಬೇಡಿ. ಲೆಕ್ಕ ಕೇಳುವ ಸಮಿತಿ ಹೊಟ್ಟೆ ಕೇಳದಿದ್ದರೆ ಅವರಿಗೆ ಬೇಜಾರಾಗುವುದು ಸಹಜ.

ಅವರ ಮನಸ್ಸಿನ ಮಾತು ಕೇಳುವವರು ಯಾರು? ಇದು ಸಮಿತಿಯ ಕೈಯಲ್ಲಿ ಆಗುವ ಕೆಲಸ ಅಲ್ಲ. ಸಂಬಳ ಕೊಡುವವರ ಮುಂದೆ ಯಾರೂ ಒಳಗಿನ ಶೋಧನೆ ಹೇಳಿಕೊಳ್ಳುವುದಿಲ್ಲ. ಮೆಥೊಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ 1738ರ ಡಿಸೆಂಬರ್‌ನಲ್ಲಿ ಚಿಕ್ಕ ಗುಂಪುಗಳಿಗೆ ಕಟ್ಟಳೆ ಬರೆದರು. ಗಂಡಸರದ್ದೇ ಬೇರೆ, ಹೆಂಗಸರದ್ದೇ ಬೇರೆ. ವಾರಕ್ಕೊಮ್ಮೆ ಸೇರಬೇಕು. ಸೇರಿದಾಗಲೆಲ್ಲ ಕೇಳುವ ಪ್ರಶ್ನೆಗಳು ಇವು: ಕಳೆದ ಸಲದಿಂದ ಈಚೆಗೆ ಗೊತ್ತಿದ್ದೂ ಯಾವ ಪಾಪ ಮಾಡಿದೆ? ಯಾವ ಶೋಧನೆ ಬಂತು? ಅದರಿಂದ ಹೇಗೆ ಬಿಡುಗಡೆ ಆಯಿತು? ಪಾಪವೋ ಅಲ್ಲವೋ ಅಂತ ಗೊತ್ತಾಗದ ಯೋಚನೆ, ಮಾತು, ಕೆಲಸ ಏನಾದರೂ ಇತ್ತಾ? ಗುಂಪಿಗೆ ಸೇರುವ ಮೊದಲೇ ಇನ್ನೊಂದು ಪ್ರಶ್ನೆ ಇತ್ತು: ನಿನ್ನ ತಪ್ಪುಗಳನ್ನು ಬೇರೆಯವರು ನಿನಗೆ ಮುಚ್ಚುಮರೆ ಇಲ್ಲದೆ ಹೇಳಬೇಕು ಅಂತ ನಿನಗೆ ಮನಸ್ಸಿದೆಯಾ? ಈ ಪ್ರಶ್ನೆಗಳಲ್ಲಿ ನನಗೆ ಇಷ್ಟ ಆಗುವುದು ಎರಡನೆಯದು. ಬಿದ್ದ ಮೇಲಿನ ಮಾತಿಗೆ ಕಾಯದೆ, ಬೀಳುವ ಮುಂಚಿನ ಶೋಧನೆಯನ್ನೇ ಬಾಯಿಗೆ ತರಿಸುತ್ತದೆ. ನಿಮ್ಮ ಪಾಸ್ಟರ್ ಅಕ್ಕಪಕ್ಕದ ಊರಿನ ಇಬ್ಬರು ಮೂವರು ಪಾಸ್ಟರುಗಳ ಜೊತೆ ಹೀಗೆ ತಿಂಗಳಿಗೊಮ್ಮೆ ಕೂತುಕೊಳ್ಳಲಿ. ಸಿಎಸ್‌ಐ ಅಯ್ಯನವರಾದರೂ ಸರಿ, ಮೆಥೊಡಿಸ್ಟರಾದರೂ ಸರಿ. ಬಸ್ಸಿನ ಖರ್ಚು ಸಭೆ ಕೊಡಲಿ. ಆದರೆ ಈ ಗುಂಪು ಇದೆ ಅಂತ ಸಮಿತಿ ಲೆಕ್ಕ ಬಿಡಬಾರದು. ಗೆಳೆಯರನ್ನು ಅವರೇ ಆರಿಸಿಕೊಳ್ಳುತ್ತಾರೆ, ಬೇಡವಾದಾಗ ಬಿಡುತ್ತಾರೆ. ಸಮಿತಿಯನ್ನು ಹಾಗೆ ಬಿಡುವುದಕ್ಕೆ ಆಗುವುದಿಲ್ಲ.

ಹಾಗೆ ಬಿಟ್ಟವರೂ ಇದ್ದಾರೆ. 1988ರ ಫೆಬ್ರವರಿಯಲ್ಲಿ ಅಮೆರಿಕದ ಪ್ರಸಂಗಿ ಜಿಮ್ಮಿ ಸ್ವಾಗರ್ಟ್ ಟಿವಿಯಲ್ಲಿ ಕಣ್ಣೀರಿಟ್ಟು ಪಾಪ ಒಪ್ಪಿಕೊಂಡರು. ಅವರ ಅಸೆಂಬ್ಲೀಸ್ ಆಫ್ ಗಾಡ್ ಸಂಸ್ಥೆ, ಒಂದು ವರ್ಷ ಪ್ರಸಂಗ ಪೀಠ ಹತ್ತಬೇಡಿ ಅಂತು. ಅವರು ಒಪ್ಪಲಿಲ್ಲ. ಸಂಸ್ಥೆ ಅವರ ಅಧಿಕಾರ ಪತ್ರ ಕಿತ್ತುಕೊಂಡಿತು, ಅವರು ಸ್ವತಂತ್ರವಾಗಿ ಸೇವೆ ಮುಂದುವರಿಸಿದರು. 1991ರಲ್ಲಿ ಮತ್ತೆ ಅದೇ ಥರದ ಸುದ್ದಿ ಆಯಿತು. ಕಣ್ಣೀರು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಪಶ್ಚಾತ್ತಾಪ ಪಟ್ಟವರು ತಮ್ಮ ಶಿಕ್ಷೆಯನ್ನು ತಾವೇ ಗೊತ್ತುಮಾಡಬಾರದು. ಕ್ಷಮೆ ಬೇರೆ, ಪೀಠ ಬೇರೆ. ಕ್ಷಮೆ ಇವತ್ತೇ ಸಿಗಬಹುದು. ಪೀಠ ಕೆಲವರಿಗೆ ಯಾವತ್ತೂ ವಾಪಸ್ ಸಿಗಬಾರದು, ಅದರಲ್ಲೂ ತಮ್ಮ ಕೈಕೆಳಗೆ ಇದ್ದವರನ್ನು ಬಳಸಿಕೊಂಡವರಿಗೆ.

ನಿಮ್ಮ ಸಮಿತಿ ಸಭೆಯಲ್ಲಿ ಇದನ್ನು ಮತ್ತೆ ಎತ್ತುವ ಮೊದಲು ಪಾಸ್ಟರ್ ಅವರ ಹತ್ತಿರವೇ ಹೋಗಿ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು. ಬೆನ್ನ ಹಿಂದೆ ಸಹಿ ಸಂಗ್ರಹ ಬೇಡ. "ಅಯ್ಯಾ, ನಿಮ್ಮ ಮೇಲೆ ಯಾರೂ ಬೆರಳು ತೋರಿಸದ ಹಾಗೆ ಈ ನಾಲ್ಕು ವಿಷಯ ಬದಲಾಯಿಸೋಣ, ನಿಮ್ಮ ಸಂಬಳದ್ದೂ ಸೇರಿಸಿ" ಅಂತ ಹೇಳಿ. ಬಹಳ ಜನ ಪಾಸ್ಟರುಗಳು ಒಂದು ಕ್ಷಣ ಬೇಜಾರು ಪಟ್ಟುಕೊಂಡರೂ ಒಪ್ಪುತ್ತಾರೆ, ಮನಸ್ಸು ಹಗುರವೂ ಆಗುತ್ತದೆ. ಒಪ್ಪದೆ ಕೂಗಾಡಿದರೆ, ಪೀಠದ ಮೇಲಿಂದ ನಿಮ್ಮನ್ನು ಕುಟುಕಿ ಪ್ರಸಂಗ ಮಾಡಿದರೆ, ಬಗ್ಗಬೇಡಿ. ಲಿಖಿತವಾಗಿ ಸಮಿತಿಯ ಮುಂದೆ ಇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಶಿಕಾಗೋ ಹತ್ತಿರದ ವಿಲೋ ಕ್ರೀಕ್ ಸಭೆಯಲ್ಲಿ 2018ರಲ್ಲಿ ಹೆಂಗಸರು ಪಾಸ್ಟರ್ ಬಿಲ್ ಹೈಬೆಲ್ಸ್ ಮೇಲೆ ದೂರು ಹೇಳಿದಾಗ ಹಿರಿಯರ ಮಂಡಳಿ ಮೊದಲು ಪಾಸ್ಟರ್ ಪರ ನಿಂತಿತು. ಹೈಬೆಲ್ಸ್ ಆರೋಪಗಳನ್ನು ಅಲ್ಲಗಳೆದರೂ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಆಗಸ್ಟ್‌ನಲ್ಲಿ ಇಡೀ ಮಂಡಳಿ ಆ ಹೆಂಗಸರ ಕ್ಷಮೆ ಕೇಳಿ ರಾಜೀನಾಮೆ ಕೊಟ್ಟಿತು.

ದೇವರ ದಯೆಯಿಂದ ನಿಮಗೆ ಈ ಕೊನೆಯ ಭಾಗ ಬೇಕಾಗದೇ ಇರಲಿ. ಆದರೂ ಹೇಳುತ್ತೇನೆ. ಯಾವತ್ತಾದರೂ ಒಬ್ಬ ಹುಡುಗಿ ಬಂದು ಏನಾದರೂ ಹೇಳಿದರೆ ಮೊದಲು ಪೂರ್ತಿ ಕೇಳಿ. ಅವಳನ್ನು ಪಾಸ್ಟರ್ ಎದುರು ಕೂರಿಸಿ ರಾಜಿ ಪ್ರಾರ್ಥನೆ ಮಾಡಿಸಬೇಡಿ. ಅವಳು 18 ತುಂಬದವಳಾಗಿದ್ದರೆ ಸಮಿತಿ ಯೋಚನೆ ಮಾಡುವುದಕ್ಕೆ ಏನೂ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ ಅದೇ ಅಪರಾಧ, ಜೈಲು ಶಿಕ್ಷೆಯೂ ಇದೆ. ದೊಡ್ಡವಳಾಗಿದ್ದರೆ ದೂರು ಕೊಡುವ ತೀರ್ಮಾನ ಅವಳದ್ದು, ಜೊತೆಗೆ ನಿಲ್ಲುವುದು ನಿಮ್ಮದು. ಸಭೆಯಲ್ಲಿ ಅಥವಾ ಸಭೆ ನಡೆಸುವ ಶಾಲೆಯಲ್ಲಿ ಹತ್ತು ಜನ ಕೆಲಸಕ್ಕೆ ಇದ್ದರೆ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿ ಬೇಕು ಅಂತ ತಿಮೊಥೆಯನಿಗೆ ಬರೆದ ಮಾತನ್ನು ಆಗ ಯಾರಾದರೂ ಎತ್ತುತ್ತಾರೆ. ಅದರ ಮುಂದಿನ ವಚನವನ್ನೂ ಓದಿಸಿ. ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸು ಅಂತಿದೆ. ಸಾಕ್ಷಿ ಹುಡುಕುವುದು ತನಿಖೆ ಮಾಡುವವರ ಕೆಲಸ, ನೊಂದವಳು ಹೊತ್ತು ತರಬೇಕಾದದ್ದಲ್ಲ.

ತನಿಖೆ ಹೊರಗಿನವರೇ ಮಾಡಬೇಕು. ಬುದ್ಧಿಮಾಂದ್ಯರ ಜೊತೆ ಬದುಕುವ ಲಾರ್ಷ್ ಸಮುದಾಯಗಳನ್ನು ಕಟ್ಟಿದ ಜೀನ್ ವಾನಿಯೆ ಅವರನ್ನು ಜಗತ್ತೇ ಸಂತ ಅಂತ ನೋಡಿತ್ತು. 1970ರಲ್ಲಿ ನಮ್ಮ ಬೆಂಗಳೂರಿನಲ್ಲಿ ಶುರುವಾದ ಆಶಾ ನಿಕೇತನವೂ ಅದೇ ಕುಟುಂಬದ ಮನೆ. 2019ರಲ್ಲಿ ಅವರು ತೀರಿಕೊಂಡರು. 2020ರ ವರದಿ, ಆಮೇಲೆ 2023ರ ದೊಡ್ಡ ವರದಿ, ಎರಡನ್ನೂ ಮಾಡಿಸಿ ಹೊರಗೆ ಹಾಕಿದ್ದು ಅವರೇ ಕಟ್ಟಿದ ಸಂಸ್ಥೆ. ಆತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಕಡೇಪಕ್ಷ 25 ಹೆಂಗಸರನ್ನು ಅವರು ಬಳಸಿಕೊಂಡಿದ್ದರು ಅಂತ ಅದರಲ್ಲಿದೆ. ಸ್ಥಾಪಕರ ಹೆಸರು ಹೋಯಿತು. ಸತ್ಯ ಹೇಳಿದ ಆ ಮನೆಗಳು ಇವತ್ತೂ ನಡೆಯುತ್ತಿವೆ.

ಸಭಾಮಂದಿರದ ನೋಟಿಸ್ ಬೋರ್ಡಿನಲ್ಲಿ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಎರಡನ್ನೂ ದೊಡ್ಡದಾಗಿ ಬರೆಸಿ ಹಾಕಿ. ಕೆಳಗೆ ದೂರು ಕೇಳುವ ಇಬ್ಬರ ಹೆಸರು ಇರಲಿ, ಒಬ್ಬರಾದರೂ ಹೆಂಗಸಾಗಿರಲಿ, ಪಾಸ್ಟರ್ ಮನೆಯವರು ಬೇಡ. ಸಾಧ್ಯವಾದರೆ ಆ ಬೋರ್ಡನ್ನು ಪಾಸ್ಟರ್ ಕೈಯಿಂದಲೇ ಹಾಕಿಸಿ.